ಡ್ರ್ಯಾಗನ್ನಿನ ಹಲ್ಲು ಕಿತ್ತು ಮಕ್ಕಳ ಕೈಗೆ ಕೊಡಬೇಡಿ

ನಮಗೆ ಪುಸ್ತಕದ ಹುಚ್ಚಿದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಅಪ್ಪ ಅಮ್ಮಂದಿರು ಹುಡುಕಿಕೊಂಡು ಬರ್ತಾರೆ. ಪ್ರಶ್ನೆ ಮಾತ್ರ ಯಾವಾಗಲೂ ಒಂದೇ. "ನಮ್ಮ ಪುಟ್ಟನಿಗೆ ಡ್ರ್ಯಾಗನ್ ಅಂದ್ರೆ ಪ್ರಾಣ ಕಣ್ರೀ. ಏಳು ವರ್ಷ. ಯಾವ ಪುಸ್ತಕ ಕೊಡಿಸ್ಲಿ?" ನಾನು ಬಾಯಿ ತೆರೆಯೋಷ್ಟರಲ್ಲಿ ಅದಕ್ಕೊಂದು ಬಾಲ: "ಹೆದರಿಸೋ ಥರದ್ದು ಬೇಡ ಮತ್ತೆ!" ಬಾಲಕ್ಕೆ ಇನ್ನೊಂದು ಬಾಲ: "ಆದ್ರೆ ತೀರಾ ಚಿಕ್ಕ ಮಕ್ಕಳದ್ದೂ ಬೇಡ, ಅವನ ರೀಡಿಂಗ್ ಲೆವೆಲ್ ತುಂಬಾ ಮುಂದಿದೆ."

ಅಂದರೆ ಇವರಿಗೆ ಬೇಕಾಗಿರೋದು ಹನ್ನೆರಡು ವರ್ಷದವರ ಇಂಗ್ಲಿಷು, ಎರಡು ವರ್ಷದವರ ಕಥೆ!

ಇಂಥವನ್ನ ಬರೆಯೋರೂ ಇದ್ದಾರೆ, ಅಚ್ಚು ಹಾಕೋರೂ ಇದ್ದಾರೆ. ಯಾವುದೇ ದೊಡ್ಡ ಪುಸ್ತಕದಂಗಡಿಯ ಮಕ್ಕಳ ವಿಭಾಗಕ್ಕೆ ಹೋಗಿ ನೋಡಿ. ಒಂದು ಡ್ರ್ಯಾಗನ್ ಹಲ್ಲುಜ್ಜೋದು ಕಲೀತಿರುತ್ತೆ. ಇನ್ನೊಂದು ತರಕಾರಿ ತಿನ್ನೋದು ಕಲೀತಿರುತ್ತೆ. ಮತ್ತೊಂದು ಆಟದ ಸಾಮಾನು ಹಂಚಿಕೊಳ್ಳೋದು, ಸಾರಿ ಹೇಳೋದು, ಹೊತ್ತಿಗೆ ಸರಿಯಾಗಿ ಮಲಗೋದು... ಬೆಂಕಿ ಉಗುಳೋ ಪ್ರಾಣಿಗೆ ಯೂನಿಫಾರ್ಮ್ ಹಾಕಿ ಎಲ್‌ಕೆಜಿಗೆ ಸೇರಿಸಿದ್ದಾರೆ. ಹಾವಾಡಿಗ ಹಲ್ಲು ಕಿತ್ತ ಹಾವನ್ನ ಬುಟ್ಟಿಯಲ್ಲಿಟ್ಟುಕೊಂಡು ಬರ್ತಿದ್ದನಲ್ಲ, ಹಾಗೆ. ಇವು ಡ್ರ್ಯಾಗನ್ ಕಥೆಗಳೇ ಅಲ್ಲ, ನೀತಿಪಾಠಕ್ಕೆ ಹಸಿರು ಬಣ್ಣ ಬಳಿದು ಬಾಲ ಅಂಟಿಸಿದ್ದು.

ತಮಾಷೆ ಏನು ಗೊತ್ತಾ? ಇದೇ ಅಪ್ಪ ಅಮ್ಮ ಮೂರು ನಾಲ್ಕು ವರ್ಷದ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು ಗೋವಿನ ಹಾಡು ಹೇಳ್ತಾರೆ. ಅದರಲ್ಲಿ ಏನಿದೆ ಅಂತ ಒಂದ್ಸಲ ಬಿಡಿಸಿ ನೋಡಿ. ಅಮ್ಮನನ್ನ ಹುಲಿ ತಿನ್ನೋಕೆ ನಿಂತಿದೆ. ಅಮ್ಮ ಮನೆಗೆ ಬಂದು ಕೊನೇ ಸಲ ಹಾಲು ಕೊಟ್ಟು, ಕರುವನ್ನ ಬೇರೆ ಹಸುಗಳ ಕೈಗೆ ಒಪ್ಪಿಸಿ, ಸಾಯೋಕೆ ಅಂತ ವಾಪಸ್ ಹೋಗ್ತಾಳೆ. ಕೊನೆಗೆ ಹುಲಿ ಪ್ರಾಣ ಬಿಡುತ್ತೆ. ಇದಕ್ಕಿಂತ ಭಯಂಕರವಾದ ಮಕ್ಕಳ ಕಥೆ ತೋರಿಸಿ ನೋಡೋಣ! ಮಗುವಿನ ಎಲ್ಲಕ್ಕಿಂತ ದೊಡ್ಡ ಹೆದರಿಕೆಯ ಮೇಲೇ, ಅಂದರೆ ಅಮ್ಮ ವಾಪಸ್ ಬರದೇ ಹೋದರೆ ಅನ್ನೋದರ ಮೇಲೇ, ಆ ಹಾಡು ಕೈ ಇಡುತ್ತೆ. ನಾವೆಲ್ಲ ಅದನ್ನ ಕೇಳಿ ಅತ್ತಿದೀವಿ, ಅತ್ತು ಮುಗಿದ ಮೇಲೆ "ಇನ್ನೊಂದ್ಸಲ ಹೇಳಮ್ಮಾ" ಅಂದಿದೀವಿ. ಕನ್ನಡದಲ್ಲಾದರೆ ಪರವಾಗಿಲ್ಲ, ಇಂಗ್ಲಿಷಿನಲ್ಲಿ ಬಂದರೆ ಮಾತ್ರ ಮಗುವಿಗೆ ಹೆದರಿಕೆಯಾಗುತ್ತೆ ಅನ್ನೋದು ಯಾವ ಲೆಕ್ಕ ಸ್ವಾಮಿ?

ನನ್ನ ತಕರಾರು ಇಷ್ಟೇ. ವಯಸ್ಸು ನೋಡಿ ಡ್ರ್ಯಾಗನ್ ಕಥೆ ಆರಿಸುವಾಗ ನಾವು ಹೆದರಿಕೆಯನ್ನ ಔಷಧಿ ಥರ ಅಳೀತೀವಿ. ಐದು ವರ್ಷಕ್ಕೆ ಅರ್ಧ ಚಮಚ, ಎಂಟಕ್ಕೆ ಒಂದು, ಹದಿಮೂರಕ್ಕೆ ಎರಡು. ನನ್ನ ಪ್ರಕಾರ ವಯಸ್ಸಿನ ಜೊತೆ ಬದಲಾಗಬೇಕಾದ್ದು ಹೆದರಿಕೆಯ ಪ್ರಮಾಣ ಅಲ್ಲ, ಆ ಹೆದರಿಕೆಗೆ ಕಥೆ ಕೊಡೋ ಉತ್ತರ. ಐದು ವರ್ಷದವನಿಗೆ ಡ್ರ್ಯಾಗನ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ಉತ್ತರ ಅವನ ಕೈಯಳತೆಯಲ್ಲಿರಬೇಕು. ಹತ್ತು ವರ್ಷದವಳಿಗೆ ಆ ಉತ್ತರಕ್ಕೊಂದು ಬೆಲೆ ಇರಬೇಕು. ಹದಿನಾಲ್ಕಕ್ಕೆ ಬರೋ ಹೊತ್ತಿಗೆ, ಉತ್ತರ ಸಿಗದೇ ಇದ್ದರೂ ನಡೆಯುತ್ತೆ.

ಚಿಕ್ಕವರ ಮಾತು ಮೊದಲು. ಅಮೆರಿಕದ ಜ್ಯಾಕ್ ಕೆಂಟ್ ಅನ್ನೋರದ್ದು ಒಂದು ಚಿತ್ರಪುಸ್ತಕ ಇದೆ, 1975ರದ್ದು. ಡ್ರ್ಯಾಗನ್ ಅನ್ನೋದೇ ಇಲ್ಲ ಅನ್ನೋ ಅರ್ಥದ ಹೆಸರು ಅದಕ್ಕೆ. ಬಿಲ್ಲಿ ಅನ್ನೋ ಹುಡುಗ ಬೆಳಿಗ್ಗೆ ಎದ್ದರೆ ರೂಮಿನಲ್ಲಿ ಬೆಕ್ಕಿನ ಮರಿಯಷ್ಟು ದೊಡ್ಡ ಡ್ರ್ಯಾಗನ್. ಅಮ್ಮನಿಗೆ ಹೇಳಿದರೆ "ಡ್ರ್ಯಾಗನ್ ಗೀಗನ್ ಎಲ್ಲ ಇಲ್ಲ" ಅಂತಾಳೆ. ಇಲ್ಲ ಅಂದಷ್ಟೂ ಅದು ದೊಡ್ಡದಾಗ್ತಾ ಹೋಗಿ, ಮನೆ ತುಂಬಿ, ಕೊನೆಗೆ ಬ್ರೆಡ್ಡಿನ ಗಾಡಿಯ ವಾಸನೆ ಹಿಡಿದು ಮನೆಯನ್ನೇ ಬೆನ್ನ ಮೇಲೆ ಹೊತ್ತುಕೊಂಡು ಓಡಿಹೋಗುತ್ತೆ. ಹುಡುಗ "ಇದೆ" ಅಂತ ಹಟ ಹಿಡಿದು ತಲೆ ಸವರಿದ ಮೇಲೆ ಮತ್ತೆ ಬೆಕ್ಕಿನ ಮರಿಯಷ್ಟಾಗುತ್ತೆ. ಇಷ್ಟೇ ಕಥೆ. ಮನೆ ಹೊತ್ತುಕೊಂಡು ಓಡೋ ಪ್ರಾಣಿ ಏನು ಸಣ್ಣದಾ? ಆದರೆ ಉತ್ತರ ನೋಡಿ: ಇದೆ ಅಂತ ಹೇಳು, ಮುಟ್ಟು. ನಾಲ್ಕು ವರ್ಷದ ಮಗು ಮಾಡಬಹುದಾದ ಕೆಲಸ. (ದೊಡ್ಡವರಿಗೆ ಕಷ್ಟ. ನಮ್ಮಲ್ಲಿ ಎಷ್ಟು ಮನೆಗಳು ಹಾಗೆ ಡ್ರ್ಯಾಗನ್ ಮೇಲೆ ಕೂತು ಊರು ಸುತ್ತುತ್ತಿವೆಯೋ!)

ಇನ್ನೊಂದು ರೂತ್ ಸ್ಟೈಲ್ಸ್ ಗ್ಯಾನೆಟ್ ಬರೆದ "ಮೈ ಫಾದರ್ಸ್ ಡ್ರ್ಯಾಗನ್", 1948. ಈಕೆ 2024ರಲ್ಲಿ ನೂರು ತುಂಬಿಸಿಕೊಂಡೇ ತೀರಿಕೊಂಡಿದ್ದು. ಕಾಡುಪ್ರಾಣಿಗಳೆಲ್ಲ ಸೇರಿ ಒಂದು ಮರಿ ಡ್ರ್ಯಾಗನ್ನನ್ನ ಹಗ್ಗ ಕಟ್ಟಿ, ಹೊಳೆ ದಾಟಿಸೋ ಚಾಕರಿಗೆ ಹಚ್ಚಿರ್ತವೆ. ಎಲ್ಮರ್ ಅನ್ನೋ ಹುಡುಗ ಅದನ್ನ ಬಿಡಿಸೋಕೆ ಹೊರಡ್ತಾನೆ. ಕತ್ತಿ ಗುರಾಣಿ ಏನೂ ಇಲ್ಲ. ಚೀಲದಲ್ಲಿ ಚೂಯಿಂಗ್ ಗಮ್, ಎರಡು ಡಜನ್ ಗುಲಾಬಿ ಲಾಲಿಪಾಪ್, ರಬ್ಬರ್ ಬ್ಯಾಂಡು, ಹಲ್ಲುಜ್ಜೋ ಬ್ರಷ್ಷು, ಬಾಚಣಿಗೆ, ರಿಬ್ಬನ್ನು, ಭೂತಗನ್ನಡಿ. ತಿನ್ನೋಕೆ ಬಂದ ಹುಲಿಗಳಿಗೆ ಗಮ್ ಕೊಡ್ತಾನೆ, ಸಿಂಹದ ಜಟೆಗೆ ಬಾಚಣಿಗೆ ರಿಬ್ಬನ್ನು. ಮೊಸಳೆಗಳ ಬಾಲಕ್ಕೆ ಲಾಲಿಪಾಪ್ ಕಟ್ಟಿ, ಒಂದರ ಹಿಂದೊಂದು ನೆಕ್ಕುತ್ತಾ ನಿಂತ ಮೊಸಳೆಗಳನ್ನೇ ಸೇತುವೆ ಮಾಡಿಕೊಂಡು ದಾಟ್ತಾನೆ. ಆರು ವರ್ಷದ ಮಗು ಈ ಪುಸ್ತಕ ಮುಗಿದ ಮೇಲೆ ಏನು ಮಾಡುತ್ತೆ ಹೇಳಿ? ತನ್ನ ಸ್ಕೂಲ್ ಬ್ಯಾಗ್ ಬಿಚ್ಚಿ ಒಳಗೇನಿದೆ ಅಂತ ನೋಡುತ್ತೆ! ಪುಸ್ತಕದ ತುಂಬಾ ತಿನ್ನೋಕೆ ಬರೋ ಪ್ರಾಣಿಗಳೇ ಇದ್ದರೂ ಮಗು ಹೆದರಲ್ಲ, ಯಾಕೆಂದರೆ ಪ್ರತಿ ಬಾಯಿಗೂ ಚೀಲದಲ್ಲಿ ಏನೋ ಒಂದಿದೆ.

ರಾಬರ್ಟ್ ಮನ್ಶ್ ಬರೆದ "ದಿ ಪೇಪರ್ ಬ್ಯಾಗ್ ಪ್ರಿನ್ಸೆಸ್" (1980) ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಅರಮನೆ, ಬಟ್ಟೆ ಎಲ್ಲ ಸುಟ್ಟುಹೋಗಿ ಕಾಗದದ ಚೀಲ ಉಟ್ಟುಕೊಂಡ ರಾಜಕುಮಾರಿ, "ನೀನು ಅಷ್ಟು ಕಾಡು ಸುಡ್ತೀಯಂತೆ ಹೌದಾ?" ಅಂತ ಹೊಗಳಿ ಹೊಗಳಿಯೇ ಡ್ರ್ಯಾಗನ್ನನ್ನ ಸುಸ್ತು ಮಾಡಿ ಮಲಗಿಸ್ತಾಳೆ. ಬಿಡಿಸಿಕೊಂಡ ರಾಜಕುಮಾರ ಅವಳ ಬಟ್ಟೆ ಸರಿಯಿಲ್ಲ ಅಂತಾನೆ. ಅವಳು ಮದುವೆ ಬೇಡ ಅಂತ ಕುಣಿಯುತ್ತಾ ಹೊರಟುಹೋಗ್ತಾಳೆ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಇದನ್ನ ಐದನೇ ವರ್ಷಕ್ಕೇ ಓದಿ ಹೇಳಬೇಕು, ಇಪ್ಪತ್ತೈದಕ್ಕೆ ಜಾತಕ ಕೈಗೆ ಬಂದಾಗ ಹೇಳಿದರೆ ತಡವಾಯ್ತು :-)

ಸಾಧು ಡ್ರ್ಯಾಗನ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಅದೇನು ಹೊಸದೂ ಅಲ್ಲ. ಕೆನ್ನೆತ್ ಗ್ರಹಾಂ 1898ರಲ್ಲೇ ಕವಿತೆ ಬರೆಯೋ ಡ್ರ್ಯಾಗನ್ ಕಥೆ ಬರೆದಿದ್ದ. ಅದಕ್ಕೆ ಜಗಳ ಬೇಡ, ಕೇಳೋರು ಸಿಕ್ಕರೆ ಸಾಕು. (ಥೇಟ್ ನಮ್ಮ ಬ್ಲಾಗಿಗರ ಹಾಗೆ!) ಆದರೆ ಅಲ್ಲಿ ಊರಿನವರು ಅದನ್ನ ನೋಡಿ ನಡುಗ್ತಾರೆ, ಸೇಂಟ್ ಜಾರ್ಜ್ ಈಟಿ ಹಿಡಿದು ಬರ್ತಾನೆ, ಹುಡುಗ ಮಧ್ಯಸ್ಥಿಕೆ ಮಾಡಿ ಸುಳ್ಳು ಯುದ್ಧ ಏರ್ಪಡಿಸಬೇಕಾಗುತ್ತೆ. ಉಗ್ರ ಡ್ರ್ಯಾಗನ್ ಏನು ಅಂತ ಗೊತ್ತಿದ್ದವನಿಗೆ ಮಾತ್ರ ಸಾಧು ಡ್ರ್ಯಾಗನ್ ನೋಡಿ ನಗು ಬರುತ್ತೆ. ಬರೀ ಸಾಧುಗಳನ್ನೇ ನೋಡಿ ಬೆಳೆದ ಮಗುವಿಗೆ ಅಲ್ಲಿ ನಗೋಕೆ ಏನಿದೆ?

ಈಗ ಆ ರೀಡಿಂಗ್ ಲೆವೆಲ್ ಪುರಾಣ. ಪುಸ್ತಕದ ಬೆನ್ನ ಮೇಲೆ 7+, 9+ ಅಂತ ಇರುತ್ತಲ್ಲ, ಅದನ್ನ ನೋಡಿ ಪುಸ್ತಕ ಆರಿಸೋದು ಹೆಚ್ಚುಕಡಿಮೆ ಚಪ್ಪಲಿ ನಂಬರ್ ನೋಡಿ ದಾರಿ ಆರಿಸಿದ ಹಾಗೆ. ವಾಕ್ಯ ಎಷ್ಟು ಉದ್ದ, ಪದ ಎಷ್ಟು ಕಷ್ಟ ಅನ್ನೋದು ಅದರಿಂದ ಸ್ವಲ್ಪ ಗೊತ್ತಾಗಬಹುದು. ಕಥೆ ಏನು ಕೇಳುತ್ತೆ ಅಂತ ಗೊತ್ತಾಗಲ್ಲ. "ದಿ ಹಾಬಿಟ್"ನ ವಿಷಯ ಕೇಳಿ. ಅದರ ಹಸ್ತಪ್ರತಿ 1936ರಲ್ಲಿ ಪ್ರಕಾಶಕ ಸ್ಟ್ಯಾನ್ಲಿ ಅನ್ವಿನ್ ಕೈಗೆ ಬಂದಾಗ ಆತ ಓದಿ ಅಭಿಪ್ರಾಯ ಹೇಳೋಕೆ ಕೊಟ್ಟಿದ್ದು ತನ್ನ ಹತ್ತು ವರ್ಷದ ಮಗ ರೇನರ್‌ಗೆ. ಒಂದು ಶಿಲ್ಲಿಂಗ್ ಕೂಲಿ. ಹುಡುಗ ಚೆನ್ನಾಗಿದೆ ಅಂತ ಬರೆದುಕೊಟ್ಟ, ಜೊತೆಗೆ ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸುತ್ತೆ ಅಂತಲೂ ಸೇರಿಸಿದ. ಹತ್ತು ವರ್ಷದವನಿಗೆ ಒಂಬತ್ತರವರೆಗಿನವರೇ ಮಕ್ಕಳು! ಅಂದಿನಿಂದ ಇಂದಿನವರೆಗೆ ವಯಸ್ಸಿನ ಚೀಟಿಗಳ ಹಿಂದೆ ಇರೋ ಶಾಸ್ತ್ರ ಇದಕ್ಕಿಂತ ಬಹಳ ಮುಂದೆ ಹೋಗಿದೆ ಅಂತ ನನಗಂತೂ ಅನ್ನಿಸಿಲ್ಲ.

"ನನ್ನ ಮಗಳು ಎರಡನೇ ಕ್ಲಾಸಿನಲ್ಲೇ ಹಾಬಿಟ್ ಓದಿ ಮುಗಿಸಿದಳು" ಅಂತ ಹೇಳಿಕೊಳ್ಳೋರನ್ನ ನೋಡಿದಾಗ ನನಗೆ ಆ ಮಗುವಿನ ಬಗ್ಗೆ ಅಯ್ಯೋ ಅನ್ನಿಸುತ್ತೆ. ಪುಟ ತಿರುವಿದ್ದಾಳೆ, ಸರಿ. ಸ್ಮಾಗ್ ಅನ್ನೋ ಡ್ರ್ಯಾಗನ್ ಚಿನ್ನದ ರಾಶಿ ಮೇಲೆ ಮಲಗಿದ್ದೂ, ಬಿಲ್ಬೋ ಒಂದು ಬಟ್ಟಲು ಕದ್ದಿದ್ದೂ, ಬಾರ್ಡ್ ಕಪ್ಪು ಬಾಣದಿಂದ ಅದನ್ನ ಹೊಡೆದು ಬೀಳಿಸಿದ್ದೂ ಅವಳಿಗೆ ಗೊತ್ತು. ಆದರೆ ಆ ಪುಸ್ತಕದ ಅಸಲು ವಿಷಯ ಶುರುವಾಗೋದೇ ಡ್ರ್ಯಾಗನ್ ಸತ್ತ ಮೇಲೆ. ಚಿನ್ನಕ್ಕೆ ವಾರಸುದಾರರು ಹುಟ್ಟಿಕೊಳ್ತಾರೆ. ಮನೆ ಸುಟ್ಟುಹೋದ ಊರಿನವರಿಗೆ ಒಂದು ಪಾಲು ಕೊಡೋಕೂ ಥೋರಿನ್ ಒಪ್ಪಲ್ಲ. ಡ್ರ್ಯಾಗನ್ ಕಾಯಿಲೆ ಅವನಿಗೆ ಅಂಟಿರುತ್ತೆ. ನಿನ್ನೆವರೆಗೆ ನಮ್ಮವನಾಗಿದ್ದ ಥೋರಿನ್ ಇವತ್ತು ಸ್ಮಾಗ್ ಜಾಗದಲ್ಲಿ ಕೂತಿದ್ದಾನೆ. ಬಿಲ್ಬೋ ತನ್ನ ಗೆಳೆಯರಿಗೇ ಗೊತ್ತಿಲ್ಲದ ಹಾಗೆ ಅವರ ಅತಿ ಪ್ರೀತಿಯ ರತ್ನವನ್ನ ಎದುರು ಪಕ್ಷಕ್ಕೆ ಕೊಟ್ಟು ಯುದ್ಧ ತಪ್ಪಿಸೋಕೆ ನೋಡ್ತಾನೆ. ಅದು ದ್ರೋಹವಾ, ಸ್ನೇಹವಾ? ಹತ್ತು ಹನ್ನೊಂದು ವರ್ಷದವರು ಈ ಪ್ರಶ್ನೆ ಮೇಲೆ ಅರ್ಧ ಗಂಟೆ ಜಗಳ ಆಡ್ತಾರೆ, ಯಾಕೆಂದರೆ ಅಷ್ಟರಲ್ಲಿ ಅವರಿಗೆ ಗೆಳೆತನ ಮುರಿದು ಗೊತ್ತಿರುತ್ತೆ. ಏಳು ವರ್ಷದವಳಿಗೆ ಅದು ಬರೀ "ಆಮೇಲೆ ಜಗಳ ಆಯ್ತು". ಮತ್ತೆ ಆ ಮಗು ಹತ್ತನೇ ವರ್ಷಕ್ಕೆ ಅದನ್ನ ಮುಟ್ಟಲ್ಲ. "ಓದಾಗಿದೆ" ಅಂತ ಅಮ್ಮನೇ ಎಲ್ಲರಿಗೂ ಹೇಳಿಬಿಟ್ಟಿದ್ದಾಳಲ್ಲ!

ಹಾಗಂತ ಏಳು ವರ್ಷಕ್ಕೆ ಸ್ಮಾಗ್ ಬೇಡವೇ? ಖಂಡಿತ ಬೇಕು, ಆದರೆ ಕಿವಿಯಿಂದ. ಮಗು ತಾನೇ ಓದಬಲ್ಲದ್ದಕ್ಕಿಂತ ಎಷ್ಟೋ ಮುಂದಿನ ಕಥೆಯನ್ನ ಕೇಳಿ ಅರ್ಥ ಮಾಡಿಕೊಳ್ಳುತ್ತೆ, ಅದೂ ಮನೆಮಾತಿನಲ್ಲಿ ಹೇಳಿದರೆ. ಬಿಲ್ಬೋ ಕತ್ತಲೆ ಸುರಂಗದಲ್ಲಿ ಒಬ್ಬನೇ ಇಳಿದು ಹೋಗೋದು, ಕೆಂಪು ಬೆಳಕು, ಗೊರಕೆ ಸದ್ದು, ಇಷ್ಟನ್ನ ಕನ್ನಡದಲ್ಲಿ ಹೇಳಿ ನೋಡಿ. ನಿಧಿ ಕಾಯೋ ಸರ್ಪದ ಕಥೆ ಅಜ್ಜಿಯಿಂದ ಕೇಳಿದ ಮಗುವಿಗೆ ಸ್ಮಾಗ್ ಪರದೇಶಿಯೇ ಅಲ್ಲ. ಹುಗಿದಿಟ್ಟ ಚಿನ್ನದ ಮೇಲೆ ಹೆಡೆ ಬಿಚ್ಚಿ ಕೂತ ಹಾವು ನಮ್ಮ ಹಳ್ಳಿ ಹಳ್ಳಿಗಳಲ್ಲೂ ಇದೆ. ಅದಕ್ಕೆ ರೆಕ್ಕೆ ಒಂದು ಬರಬೇಕಷ್ಟೆ. "ಡ್ರ್ಯಾಗನ್ ನಮ್ಮ ಸಂಸ್ಕೃತಿಯದ್ದಲ್ಲ" ಅಂತ ಮೂಗು ಮುರಿಯೋರಿಗೂ ಇದೇ ಉತ್ತರ. ವೃತ್ರ ಯಾರು, ಕಾಳಿಂಗ ಯಾರು ಸ್ವಾಮಿ? ನೀರು ಕಟ್ಟಿಹಾಕಿಕೊಂಡು ಕೂತವನೊಬ್ಬ, ಮಡುವನ್ನೇ ವಿಷ ಮಾಡಿದವನೊಬ್ಬ. ಕೃಷ್ಣ ಕಾಳಿಂಗನನ್ನ ಕೊಲ್ಲದೆ ಕಳಿಸಿಕೊಟ್ಟ ಅನ್ನೋದಂತೂ ಎಂಟು ವರ್ಷದವರ ಹತ್ತಿರ ಮಾತಾಡೋಕೆ ಹೇಳಿ ಮಾಡಿಸಿದ ವಿಷಯ.

ಚೀನಾದ ಡ್ರ್ಯಾಗನ್ ಬೇರೆಯೇ ಜಾತಿ. ಅದಕ್ಕೆ ಬೆಂಕಿಗಿಂತ ಮಳೆ, ನದಿಗಳ ಜೊತೆ ನಂಟು. ಗ್ರೇಸ್ ಲಿನ್ ಬರೆದ "ವೇರ್ ದಿ ಮೌಂಟನ್ ಮೀಟ್ಸ್ ದಿ ಮೂನ್" (2009) ಎಂಟು ಒಂಬತ್ತಕ್ಕೆ ಸರಿಯಾದ್ದು. ಬಡ ಮನೆಯ ಹುಡುಗಿ ಮಿನ್ಲಿ ತನ್ನ ಮನೆಯ ಅದೃಷ್ಟ ಬದಲಾಗೋದು ಹೇಗೆ ಅಂತ ಕೇಳೋಕೆ ಅಷ್ಟು ದೂರ ನಡೆದು ಹೋಗ್ತಾಳೆ. ದಾರಿಯಲ್ಲಿ ಹಾರೋಕೆ ಬರದ ಡ್ರ್ಯಾಗನ್ ಜೊತೆಯಾಗುತ್ತೆ. ಕೊನೆಗೆ ಕೇಳೋಕೆ ಸಿಗೋದು ಒಂದೇ ಒಂದು ಪ್ರಶ್ನೆ. ಅವಳು ತನ್ನದನ್ನ ಬಿಟ್ಟು ಡ್ರ್ಯಾಗನ್ನಿನ ಪ್ರಶ್ನೆ ಕೇಳ್ತಾಳೆ. ಬೆಲೆ ಅಂದೆನಲ್ಲ, ಇದು ಅದು. ಸಿ. ಎಸ್. ಲೂಯಿಸ್‌ನ "ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್" (1952) ಪುಸ್ತಕದಲ್ಲಿ ಯೂಸ್ಟೇಸ್ ಅನ್ನೋ ಗೊಣಗಾಟದ ಹುಡುಗ ಡ್ರ್ಯಾಗನ್ನಿನ ನಿಧಿ ಮೇಲೆ ಮಲಗಿ ಎದ್ದರೆ ತಾನೇ ಡ್ರ್ಯಾಗನ್ ಆಗಿರ್ತಾನೆ. ಚರ್ಮ ಸುಲಿದುಕೊಳ್ಳೋಕೆ ತಾನೇ ಮತ್ತೆ ಮತ್ತೆ ಪ್ರಯತ್ನಪಟ್ಟರೂ ಆಗಲ್ಲ, ಇನ್ನೊಬ್ಬರು ಸುಲಿಯಬೇಕು, ನೋವಾಗುತ್ತೆ. ಪುಸ್ತಕದ ಉಳಿದ ಭಾಗ ಮರೆತರೂ ಆ ಎರಡು ಅಧ್ಯಾಯ ಮರೆಯಲ್ಲ.

ಸಿನಿಮಾ ನೋಡಿ ಪುಸ್ತಕ ತರೋರಿಗೆ ಒಂದು ಮಾತು. "ಹೌ ಟು ಟ್ರೈನ್ ಯುವರ್ ಡ್ರ್ಯಾಗನ್" ಸಿನಿಮಾ (2010) ನೋಡಿ ಮಗು ಕುಣಿದಿದೆ ಅಂತ ಕ್ರೆಸಿಡಾ ಕೊವೆಲ್‌ಳ 2003ರ ಪುಸ್ತಕ ತಂದರೆ, ಅದರೊಳಗೆ ಆ ದೊಡ್ಡ ಕಪ್ಪು ಡ್ರ್ಯಾಗನ್ ಸಿಗಲ್ಲ. ಪುಸ್ತಕದ ಟೂತ್‌ಲೆಸ್ ಪುಟ್ಟದು, ಹಟಮಾರಿ, ಮಹಾ ಸ್ವಾರ್ಥಿ. ಹನ್ನೆರಡು ಪುಸ್ತಕಗಳು, 2015ರವರೆಗೆ ಬಂದವು. ಎರಡೂ ಒಳ್ಳೆಯವೇ, ಆದರೆ ಎರಡು ಬೇರೆ ಕಥೆ. ಹಾಗೆ ನೋಡಿದರೆ ಕೊನೆಯಲ್ಲಿ ಹುಡುಗ ಕಾಲು ಕಳೆದುಕೊಂಡು ಏಳೋ ಆ ಸಿನಿಮಾ ನಮ್ಮ ಪುಸ್ತಕದಂಗಡಿಯ ಎಷ್ಟೋ ಹಲ್ಲಿಲ್ಲದ ಡ್ರ್ಯಾಗನ್‌ಗಳಿಗಿಂತ ಪ್ರಾಮಾಣಿಕ.

ಇನ್ನು ಹದಿಹರೆಯದವರು. ಇಲ್ಲಿ ನಮ್ಮ ತಪ್ಪು ಉಲ್ಟಾ ಹೊಡೆಯುತ್ತೆ. ಏಳು ವರ್ಷದವರಿಗೆ ಅಷ್ಟೆಲ್ಲ ಕಾವಲು ಕಾಯೋ ನಾವು ಹದಿಮೂರು ದಾಟಿದ ಕೂಡಲೇ "ಡ್ರ್ಯಾಗನ್ ತಾನೇ, ಮಕ್ಕಳ ಪುಸ್ತಕ" ಅಂತ ಕಣ್ಣು ಮುಚ್ಚಿ ಬಿಲ್ ಕಟ್ತೀವಿ. ರೆಬೆಕಾ ಯಾರೋಸ್‌ಳ "ಫೋರ್ತ್ ವಿಂಗ್" 2023ರಲ್ಲಿ ಬಂತು. ಡ್ರ್ಯಾಗನ್ ಸವಾರರ ಯುದ್ಧ ಕಾಲೇಜು. ಅದು ದೊಡ್ಡವರಿಗಾಗಿ ಬರೆದ ಪ್ರಣಯ ಕಾದಂಬರಿ, ಹಾಸಿಗೆಯ ದೃಶ್ಯಗಳು ಏನನ್ನೂ ಮುಚ್ಚಿಡಲ್ಲ. ಬರೆದವರು ಮೋಸ ಮಾಡಿಲ್ಲ, ದೊಡ್ಡವರಿಗೆ ಅಂತಲೇ ಬರೆದಿದ್ದಾರೆ. ಹನ್ನೆರಡು ವರ್ಷದವಳಿಗೆ ಹುಟ್ಟುಹಬ್ಬಕ್ಕೆ ಅಂತ ಕೊಡೋರು ನಾವು, ಹೆಸರಲ್ಲಿ ವಿಂಗ್ ಇದೆ, ಒಳಗೆ ಡ್ರ್ಯಾಗನ್ ಇದೆ ಅಂತ. ಜಾರ್ಜ್ ಮಾರ್ಟಿನ್‌ನ "ಎ ಗೇಮ್ ಆಫ್ ಥ್ರೋನ್ಸ್" (1996) ಕಥೆಯೂ ಅದೇ. ಅಲ್ಲಿ ಹೆದರಬೇಕಾದ್ದು ಡ್ರ್ಯಾಗನ್‌ಗೆ ಅಲ್ಲ. ಮನುಷ್ಯರು ಮನುಷ್ಯರಿಗೆ, ಮಕ್ಕಳಿಗೆ ಮಾಡೋ ಕ್ರೌರ್ಯಕ್ಕೆ. ಹೆದರಿಕೆಗೂ ಕ್ರೌರ್ಯಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಮೊದಲನೆಯದನ್ನ ಐದು ವರ್ಷದವರಿಂದ ಕಿತ್ತುಕೊಳ್ತಾರೆ, ಎರಡನೆಯದನ್ನ ಹನ್ನೆರಡರವರ ಕೈಗೆ ಇಡ್ತಾರೆ.

ಹದಿಮೂರು ಹದಿನಾಲ್ಕಕ್ಕೆ ನನ್ನ ಮೊದಲ ಆಯ್ಕೆ ಉರ್ಸುಲಾ ಲೆಗ್ವಿನ್‌ಳ "ಎ ವಿಜರ್ಡ್ ಆಫ್ ಅರ್ಥ್‌ಸೀ" (1968). ತೆಳ್ಳನೆ ಪುಸ್ತಕ. ಗೆಡ್ ಅನ್ನೋ ಯುವ ಮಾಂತ್ರಿಕ ಜಂಬಕ್ಕೆ ಬಿದ್ದು ತಾನೇ ಒಂದು ನೆರಳನ್ನ ಲೋಕಕ್ಕೆ ಬಿಟ್ಟಿದ್ದಾನೆ, ಅದು ಅವನನ್ನ ಅಟ್ಟಿಸಿಕೊಂಡು ಬರ್ತಿದೆ. ಈ ನಡುವೆ ಪೆಂಡರ್ ಅನ್ನೋ ದ್ವೀಪದ ಮುದಿ ಡ್ರ್ಯಾಗನ್ ಎದುರು ನಿಲ್ತಾನೆ. ಅದರ ನಿಜ ಹೆಸರನ್ನ ಹಳೇ ಚರಿತ್ರೆಗಳಿಂದ ಊಹಿಸಿಟ್ಟುಕೊಂಡಿರ್ತಾನೆ. ಹೆಸರು ಗೊತ್ತಿದ್ದವನಿಗೆ ಡ್ರ್ಯಾಗನ್ ಮೇಲೆ ಹಿಡಿತ. ಆಗ ಡ್ರ್ಯಾಗನ್ ಒಂದು ವ್ಯಾಪಾರಕ್ಕೆ ಬರುತ್ತೆ: ನಿನ್ನ ಬೆನ್ನು ಹತ್ತಿದ ನೆರಳಿನ ಹೆಸರು ನಾನು ಹೇಳ್ತೀನಿ. ಅವನ ಪ್ರಾಣ ಉಳಿಸೋ ಒಂದೇ ವಿಷಯ ಅದು! ಗೆಡ್ ಅದನ್ನ ಬಿಟ್ಟು, ಪಕ್ಕದ ದ್ವೀಪದ ಬಡ ಮೀನುಗಾರರ ತಂಟೆಗೆ ಎಂದೂ ಬರಲ್ಲ ಅನ್ನೋ ಆಣೆ ತಗೊಳ್ತಾನೆ. ಗೆದ್ದು ವಾಪಸ್ ಬರ್ತಾನೆ, ಆದರೆ ಅವನ ಸಮಸ್ಯೆ ಒಂದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಡ್ರ್ಯಾಗನ್ ಅಲ್ಲೇ ಇದೆ, ನೆರಳು ಇಲ್ಲೇ ಇದೆ. ಹದಿನಾಲ್ಕು ವರ್ಷದವರಿಗೆ ಇದು ಎಷ್ಟು ಚೆನ್ನಾಗಿ ಅರ್ಥವಾಗುತ್ತೆ ಗೊತ್ತಾ? ಹತ್ತನೇ ಕ್ಲಾಸಿನ ರ‍್ಯಾಂಕು, ಕೋಚಿಂಗು ಎಲ್ಲ ಗೆದ್ದರೂ ಒಳಗಿನದ್ದು ಹಾಗೇ ಇರುತ್ತೆ ಅಂತ ಅವರಿಗೆ ಹೇಳೋರು ಯಾರಿದ್ದಾರೆ ಮನೆಯಲ್ಲಿ?

ಆದರೆ ಸರಣಿ ಅಂತ ಎಲ್ಲವನ್ನೂ ಕಟ್ಟಾಗಿ ಕೊಡಬೇಡಿ. ನಾಲ್ಕನೆಯ ಪುಸ್ತಕ "ತೆಹಾನು" ಬಂದಿದ್ದು 1990ರಲ್ಲಿ, ಮೂರನೆಯದಾದ ಹದಿನೆಂಟು ವರ್ಷಕ್ಕೆ. ಅದರ ನಡುವೆ ಇರೋದು ದೊಡ್ಡವರೇ ಹಿಂಸಿಸಿ ಬೆಂಕಿಗೆ ನೂಕಿದ ಒಂದು ಹೆಣ್ಣುಮಗು. ಮಹತ್ವದ ಪುಸ್ತಕ, ಆದರೆ ಮೊದಲನೆಯದನ್ನ ಓದಿದ ವಯಸ್ಸಿನಲ್ಲಿ ಓದೋದಲ್ಲ. ಎರಡು ಮೂರು ವರ್ಷ ಕಾಯಲಿ.

ಮೈ ಬದಲಾಗ್ತಿರೋ ವಯಸ್ಸಿನ ಹುಡುಗಿಯರಿಗೆ ರೇಚೆಲ್ ಹಾರ್ಟ್‌ಮನ್‌ಳ "ಸೆರಫೀನಾ" (2012) ಇದೆ. ಅರ್ಧ ಡ್ರ್ಯಾಗನ್ ಆದ ಹುಡುಗಿ ತೋಳಿನ ಮೇಲಿನ ಪೊರೆಗಳನ್ನ ಬಟ್ಟೆಯಲ್ಲಿ ಮುಚ್ಚಿಕೊಂಡೇ ಬದುಕಬೇಕಾದ ಕಥೆ. ಹುಡುಗರಿಗೆ ಅಂತ ಎಲ್ಲರೂ ಹೇಳೋದು "ಎರಗಾನ್". ಪಾವೊಲಿನಿ ಅದನ್ನ ಬರೆಯೋಕೆ ಶುರು ಮಾಡಿದ್ದು ಹದಿನೈದನೇ ವಯಸ್ಸಿನಲ್ಲಿ, ಓದಿದರೆ ಹಾಗೇ ಅನ್ನಿಸುತ್ತೆ ಕೂಡ. ಅದನ್ನ ಬೈಗುಳ ಅಂತ ತಿಳೀಬೇಡಿ. ಓದಿ "ನಾನೂ ಬರೀಬಹುದು" ಅಂತ ನೋಟ್‌ಬುಕ್ ತೆಗೆಯೋ ಹುಡುಗ ಸಿಕ್ಕರೆ ನನಗೆ ಅಷ್ಟು ಸಾಕು.

"ನಿಜವಾಗಲೂ ರಾತ್ರಿ ಎದ್ದು ಕೂರ್ತಾನೆ, ಏನ್ಮಾಡೋದು?" ಅಂತ ಕೇಳೋ ಅಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಮಕ್ಕಳಿರ್ತಾರೆ. ಅವರಿಗೆ ಕೊನೆ ಏನಾಗುತ್ತೆ ಅಂತ ಮೊದಲೇ ಹೇಳಿಬಿಡಿ, ಚಿಕ್ಕವರಿಗೆ ಅದರಿಂದ ಕಥೆ ಕೆಡಲ್ಲ. ರಾತ್ರಿ ಬಿಟ್ಟು ಮಧ್ಯಾಹ್ನ ಓದಿ. ಪುಸ್ತಕ ಮುಚ್ಚೋ ಹಕ್ಕು ಮಗುವಿನ ಕೈಯಲ್ಲಿರಲಿ. ಇಷ್ಟೆಲ್ಲ ಮಾಡಿದರೂ ಬೇಡ ಅಂದರೆ ಬೇಡ, ಆರು ತಿಂಗಳು ಬಿಟ್ಟು ನೋಡಿ. ಮಗುವನ್ನ ಕೇಳದೇ ಅಂಗಡಿಯಲ್ಲೇ ಹಲ್ಲು ಕಿತ್ತು ತರೋದು ಮಾತ್ರ ಬೇಡ.

ಕನ್ನಡದಲ್ಲಿ ಓದಿ ಹೇಳೋವಾಗ ಡ್ರ್ಯಾಗನ್‌ಗೆ ಏನಂತೀರಿ ಅಂತ ಕೆಲವರು ಕೇಳಿದ್ರು. ಕನ್ನಡ ಬೈಬಲ್ಲಿನಲ್ಲಿ ಘಟಸರ್ಪ ಅಂತಿದೆ. ಬಾಯಿ ತುಂಬಾ ಬರೋ ಪದ. ಸ್ಮಾಗ್‌ಗೆ, ಪೆಂಡರ್‌ನ ಮುದುಕನಿಗೆ ನಾನು ಅದನ್ನೇ ಬಳಸ್ತೀನಿ. ಎಲ್ಮರ್ ಬಿಡಿಸಿಕೊಂಡು ಬಂದ ಆ ಮರಿಗೆ ಮಾತ್ರ ಘಟಸರ್ಪ ಅನ್ನೋಕೆ ಮನಸ್ಸು ಬರಲ್ಲ, ಅದು ಡ್ರ್ಯಾಗನ್ನೇ. ನಿಮ್ಮ ಮನೆಗಳಲ್ಲಿ ಬೇರೆ ಪದ ಇದ್ದರೆ ಹೇಳಿ, ಕದ್ದುಕೊಳ್ತೀನಿ.